ಗಿರಿಜನರ ಬಾಳುವೆಯೂ ದೇಹಬಲವೂ

(ಶ್ರೀಮಠದ ಮಹೋತ್ಸವ ಸಂದರ್ಭದಲ್ಲಿ ನೆರೆದ ಸದ್ಭಕ್ತರ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಈ ಮಂಗಳಕರವಾದ ಮಹೋತ್ಸವದಲ್ಲಿ ಧರ್ಮ, ಸಾಹಿತ್ಯ, ವಿದ್ಯೆ ಮುಂತಾದ ವಿಷಯಗಳನ್ನು ಕುರಿತು ಬಲ್ಲವರು ಮಾತನಾಡಿರುವರು. ನನಗೆ ಗೊತ್ತುಮಾಡಿದ ವಿಷಯವು ಗಿರಿಜನರ ಬಾಳುವೆ ಹಾಗೂ ಅವರ ದೇಹಬಲದಿಂದ ನಾವು ಕಲಿಯಬಹುದಾದುದೇನೆಂಬುದು. ಮೇಲ್ನೋಟಕ್ಕೆ ಇದು ಮಠದ ಸಭೆಗೆ ಹೊರತಾದ ಮಾತೆಂದು ಕೆಲವರಿಗೆ ತೋರಬಹುದು. ಕಾಡಿನವರ ಬಾಳಿಗೂ ಮಠದ ಧರ್ಮಕ್ಕೂ ಏನು ನಂಟು? ಮೈಬಲಕ್ಕೂ ಆತ್ಮಬಲಕ್ಕೂ ಏನು ಸಂಬಂಧ? ಈ ಎರಡು ಪ್ರಶ್ನೆಗಳಿಗೂ ಉತ್ತರವು ನಮ್ಮ ಸಂಪ್ರದಾಯದಲ್ಲಿಯೇ ಇರುವುದರಿಂದ ಮೊದಲು ಅವುಗಳನ್ನು ಕುರಿತು ಎರಡು ಮಾತುಗಳನ್ನಾಡುವೆನು.

ಶರಣಧರ್ಮವು ದೇಹವನ್ನು ಹೀನವೆಂದು ಎಣಿಸಿದ ಧರ್ಮವಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸತಕ್ಕವರಿಗೆ ಆ ಅಂಗವೇ ಪೂಜಾಕ್ಷೇತ್ರ. ಕ್ಷೇತ್ರವು ಹಾಳುಬಿದ್ದರೆ ಪೂಜೆಯು ನಡೆಯುವುದೆಂತು? ಕಾಯಕವೆಂಬ ಶಬ್ದದಲ್ಲಿಯೇ ಕಾಯವು ಅಡಗಿರುವುದನ್ನು ನೋಡಿರಿ. ಮೈಮುರಿದು ದುಡಿಯದೆ ಕಾಯಕವಿಲ್ಲ, ಕಾಯಕವಿಲ್ಲದೆ ದಾಸೋಹವಿಲ್ಲ. ದೋಣಿ ನಡೆಯಿಸಿದ ಅಂಬಿಗರ ಚೌಡಯ್ಯನೂ, ಸೌದೆಯ ಹೊರೆ ಹೊತ್ತ ಮೋಳಿಗೆಯ ಮಾರಯ್ಯನೂ ತೋಳಿನ ಬಲದಿಂದಲೇ ತಮ್ಮ ಭಕ್ತಿಯನ್ನು ನಡೆಯಿಸಿಕೊಂಡು ಬಂದವರು. ಆದುದರಿಂದ ದೇಹಬಲವೆಂಬುದು ನಮಗೆ ಜಟ್ಟಿಗಳ ಮಾತ್ರದ ಚಿಂತೆಯಲ್ಲ, ಭಕ್ತರೆಲ್ಲರ ಚಿಂತೆ.

ಇನ್ನು ಕಾಡಿನವರೊಡನೆ ನಮಗಿರುವ ನಂಟು. ನಮ್ಮ ನಂಜನಗೂಡಿನ ಸ್ನಾನಘಟ್ಟದಲ್ಲಿ ಮುಳುಗು ಹಾಕುವ ಭಕ್ತನು ಕಪಿಲೆಯ ನೀರು ಎಲ್ಲಿಂದ ಬಂದಿತೆಂದು ಯೋಚಿಸುವುದು ಅಪರೂಪ. ಕಪಿಲೆಯು ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಕಾಡುಗಳ ನಡುವೆ ಹರಿದು, ನಂಜುಂಡೇಶ್ವರನ ಸನ್ನಿಧಿಯನ್ನು ಮುಟ್ಟಿ, ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವಳು. ಆ ನದಿಯ ಮೇಲಣ ಪಾತ್ರದಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ತಲೆತಲಾಂತರದಿಂದ ಬಾಳಿಕೊಂಡು ಬಂದಿರುವರು. ನಮ್ಮ ನಂಜನಗೂಡು ತಾಲ್ಲೂಕಿನ ಹೆಡಿಯಾಲದ ಕಡೆಗೆ ಹೋದರೆ ಬಂಡೀಪುರದ ಕಾಡು ಊರಿನ ಅಂಚಿಗೇ ಬಂದು ನಿಲ್ಲುವುದು. ಅತ್ತ ಪೂರ್ವಕ್ಕೆ ನರಸೀಪುರದ ಬಯಲಿನಲ್ಲಿ ನಿಂತು ಕಣ್ಣೆತ್ತಿದರೆ, ಆಕಾಶವು ತಿಳಿಯಾಗಿರುವ ದಿನ, ಬಿಳಿಗಿರಿಯ ಸಾಲು ನೀಲಿಯ ಗೆರೆಯಂತೆ ಕಾಣುವುದು. ಅದು ಸೋಲಿಗರ ನಾಡು. 1997ರವರೆಗೆ ಆ ಬೆಟ್ಟಗಳೂ ನಮ್ಮ ಮೈಸೂರು ಜಿಲ್ಲೆಯೊಳಗೇ ಇದ್ದುವು. ಆಮೇಲೆ ಚಾಮರಾಜನಗರ ಜಿಲ್ಲೆಯು ಬೇರೆಯಾಯಿತು. ಜಿಲ್ಲೆಯ ಗಡಿ ಬದಲಾದ ಮಾತ್ರಕ್ಕೆ ನೆರೆಯವರು ಅನ್ಯರಾಗುವುದಿಲ್ಲ.

ನಂಟು ಭೂಮಿಯದು ಮಾತ್ರವಲ್ಲ, ಭಕ್ತಿಯದೂ ಹೌದು. ನಮ್ಮ ಮನೆಮನೆಗಳಲ್ಲಿ ಒಕ್ಕಲಿರುವ ಮಲೆಯ ಮಹದೇಶ್ವರಸ್ವಾಮಿಯ ಕಥೆಯನ್ನು ನೆನೆಯಿರಿ. ಸ್ವಾಮಿಯು ಸುತ್ತೂರು, ಕುಂತೂರು ಮಠಗಳಲ್ಲಿದ್ದು, ಮಠದಲ್ಲಿ ರಾಗಿ ಬೀಸುವ ಕಾಯಕವನ್ನು ಮಾಡಿ, ಅನಂತರ ಎಪ್ಪತ್ತೇಳು ಮಲೆಗೆ ನಡೆದನೆಂದು ದೇವರಗುಡ್ಡರೂ ಕಂಸಾಳೆಯವರೂ ಇರುಳೆಲ್ಲ ಹಾಡುವರು. ಬೀಸುವ ಕಲ್ಲನ್ನು ತಿರುಗಿಸಿದ ಆ ಕೈಗಳೇ ಹುಲಿಯನ್ನು ವಾಹನವಾಗಿ ಪಳಗಿಸಿದ ಕೈಗಳು. ಮಲೆಗೆ ಹೋದ ಸ್ವಾಮಿಯು ಅಲ್ಲಿ ಯಾರ ನಡುವೆ ನೆಲಸಿದನು? ಜೇನು ಕೀಳಲು ಹೋದ ನೀಲೇಗೌಡನ ಮಡದಿಯಾದ ಸಂಕಮ್ಮನೆಂಬ ಸೋಲಗಿತ್ತಿಯ ಕಣ್ಣೀರನ್ನು ಒರೆಸಿ, ಆಕೆಗೆ ಮಕ್ಕಳ ಭಾಗ್ಯವನ್ನು ಕರುಣಿಸಿದನು. ಆ ಮಕ್ಕಳೇ ಕಾರಯ್ಯ ಬಿಲ್ಲಯ್ಯರು. ಮಲೆಯ ದೇವರ ಕಥೆಯಲ್ಲಿ ಸೋಲಿಗರ ಸಾಲನ್ನು ತೆಗೆದುಹಾಕಿದರೆ ಕಥೆಯೇ ಬಡವಾಗುವುದು. ಬಿಳಿಗಿರಿಯ ರಂಗನಾಥನು ಕುಸುಮಬಾಲೆಯೆಂಬ ಸೋಲಿಗರ ಹೆಣ್ಣನ್ನು ಕೈಹಿಡಿದನೆಂದು ನಂಬಿ, ಸೋಲಿಗರು ಅವನನ್ನು ಭಾವನೆಂದೇ ಕರೆಯುವರು. ನಾವು ದೇವರ ಮುಂದೆ ಅಡ್ಡಬೀಳುವೆವು. ಅವರು ಅಡ್ಡಬೀಳುವುದರ ಜೊತೆಗೆ ನಂಟಸ್ತಿಕೆಯ ಸಲಿಗೆಯಿಂದ ಹಾಸ್ಯವನ್ನೂ ಆಡುವರು. ಬೇಡರ ಕಣ್ಣಪ್ಪನ ಭಕ್ತಿಯ ಮುಂದೆ ಶಾಸ್ತ್ರೋಕ್ತವಾದ ಪೂಜೆಯೂ ಸಪ್ಪೆಯಾಯಿತೆಂದು ಶಿವಭಕ್ತರ ಪುರಾಣಗಳು ಸಾರುತ್ತಿರುವಾಗ, ಕಾಡಿನವರಿಂದ ಕಲಿಯುವುದು ನಮಗೆ ಹೊಸತೂ ಅಲ್ಲ, ಕುಂದೂ ಅಲ್ಲ.

ಮಹಾಶಯರೆ, ಕಣ್ಣಿಗೆ ಕಾಣುವುದೇ ಬೇರೆ, ನೋಡಿ ತಿಳಿಯುವುದೇ ಬೇರೆ. ಟಿಪ್ಪುವಿನ ತರುವಾಯ, 1800ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಸೋಲಿಗರನ್ನು ಕುರಿತು ಬರೆದಿಟ್ಟಿರುವನು. ಅವರಿಗೆ ಉಡಲು ಬಟ್ಟೆಯಿಲ್ಲವೆಂದೂ, ಬಾಳೆಯೆಲೆಯನ್ನು ಹಾಸಿ ಬಾಳೆಯೆಲೆಯನ್ನೇ ಹೊದೆದು ಬೆಂಕಿಯ ಸುತ್ತ ಮಲಗುವರೆಂದೂ, ಬಿದಿರನ್ನು ಬಾಗಿಸಿ ಎಲೆ ಹೊದಿಸಿದ ಗುಡಿಸಲುಗಳು ತೀರ ಹೀನವಾದುವೆಂದೂ ಅವನ ಅಭಿಪ್ರಾಯ. ಅವನು ಕಂಡುದು ಸುಳ್ಳಲ್ಲ. ಆದರೆ ಆ ಗುಡಿಸಲಿನಲ್ಲಿದ್ದವನು ಯಾವ ಗೆಡ್ಡೆಯನ್ನು ಎಷ್ಟು ಅಗೆಯಬೇಕು, ಆನೆಯು ಯಾವ ದಾರಿಯಲ್ಲಿ ನೀರಿಗಿಳಿಯುವುದು, ಯಾವ ಹೂವಿನ ಕಾಲಕ್ಕೆ ಯಾವ ಜೇನು ತುಂಬುವುದು ಎಂಬುದನ್ನೆಲ್ಲ ಬಲ್ಲವನಾಗಿದ್ದನೆಂಬುದು ದಾರಿಹೋಕನಾದ ಪಂಡಿತನ ಕಣ್ಣಿಗೆ ಬೀಳಲಿಲ್ಲ. ಇಂದಿಗೂ ನಮ್ಮಲ್ಲಿ ಬಹುಮಂದಿ ಅದೇ ಕಣ್ಣಿನಿಂದಲೇ ನೋಡುತ್ತಿರುವರು. ಬಡತನವು ಕಾಣುವುದು, ಬಲ್ಮೆಯು ಕಾಣುವುದಿಲ್ಲ.

ಈಗ ಅವರ ದೇಹಬಲದ ವಿಚಾರಕ್ಕೆ ಬರುವೆನು. ಸೋಲಿಗನ ಮೈಯನ್ನು ನೋಡಿದರೆ ಗರಡಿಯ ಪೈಲ್ವಾನನ ಮೈಯಂತೆ ತೋಳುಗಳು ಉಬ್ಬಿರುವುದಿಲ್ಲ. ಎತ್ತರವೂ ಹೆಚ್ಚಲ್ಲ, ದಪ್ಪವೂ ಅಲ್ಲ. ಆದರೆ ತಲೆಯ ಮೇಲೆ ಹೊರೆಯಿಟ್ಟು ಕಡಿದಾದ ಏರನ್ನು ಅವನು ಹತ್ತುವ ಬಗೆಯನ್ನು ಕಂಡವರು, ಬಲವೆಂದರೆ ಗಾತ್ರವಲ್ಲವೆಂಬುದನ್ನು ಅರಿಯುವರು. ಅವನಿಗೆ ವ್ಯಾಯಾಮವೆಂಬುದು ಬಾಳಿನಿಂದ ಬೇರೆಯಾದ ಒಂದು ಹೊತ್ತಿನ ಕಾರ್ಯವಲ್ಲ. ಪೋಡಿನಿಂದ ಪೋಡಿಗೆ ನಡೆಯಬೇಕು, ನೀರಿಗೆ ನಡೆಯಬೇಕು, ನೆಲ್ಲಿಕಾಯಿಗೆ, ಸೀಗೆಗೆ, ಪಾಚಿಗೆ, ಜೇನಿಗೆ ನಡೆಯಬೇಕು. ಗೆಣಸನ್ನು ಅಗೆಯುವಾಗ ಮೊಣಕಾಲೂರಿ ಬಗ್ಗಬೇಕು. ಮರವನ್ನೇರುವಾಗ ಬೆರಳ ತುದಿಯಿಂದ ಹೆಬ್ಬೆರಳವರೆಗೆ ಎಲ್ಲ ಕೀಲುಗಳೂ ಎಚ್ಚತ್ತಿರಬೇಕು. ಒಂದು ಅಂಗವು ಬೆಳೆದು ಮತ್ತೊಂದು ಸೊರಗುವ ಭಯವು ಅಲ್ಲಿಲ್ಲ. ಕಣ್ಣು, ಕಿವಿ, ಮೂಗುಗಳಿಗೂ ಅದರಲ್ಲಿ ಪಾಲುಂಟು. ಆನೆಯ ವಾಸನೆಯನ್ನು ಗಾಳಿಯಲ್ಲಿ ಹಿಡಿಯಲಾರದವನಿಗೆ ಎಂತಹ ತೋಳಿದ್ದರೇನು?

ಅವರ ಬಲವು ಪೂರ್ಣವಾಗಿ ಕಾಣಬರುವುದು ಜೇನು ಕೀಳುವ ಕೆಲಸದಲ್ಲಿ. ಕಾಡಿನಲ್ಲಿ ಹೆಜ್ಜೇನು, ತುಡುವೆಜೇನು, ಕೋಲುಜೇನು, ನಸರುಜೇನು ಎಂದು ನಾಲ್ಕು ಬಗೆಯ ಜೇನುಗಳುಂಟು. ಇವುಗಳಲ್ಲಿ ಹೆಜ್ಜೇನು ಅತಿ ಎತ್ತರದ ಮರದ ಕೊಂಬೆಗಳಲ್ಲಿಯೂ ಬಂಡೆಯ ಚಾಚುಗಳಲ್ಲಿಯೂ ಹಲ್ಲೆ ಕಟ್ಟುವುದು. ಕೆರಳಿದರೆ ಮನುಷ್ಯನ ಪ್ರಾಣವನ್ನೇ ತೆಗೆಯಬಲ್ಲುದು. ಕತ್ತಲ ರಾತ್ರಿಯಲ್ಲಿ, ಹಸಿಸೊಪ್ಪನ್ನು ಸುತ್ತಿದ ಸೂಡಿಯ ಹೊಗೆಯೊಡನೆ, ಕಾಡುಬಳ್ಳಿಯ ಏಣಿಯನ್ನಿಳಿದೋ ಮರಕ್ಕೆ ಹೊಡೆದ ಬಿದಿರಗೂಟಗಳನ್ನೇರಿಯೋ ಆ ಹಲ್ಲೆಯ ಬಳಿಗೆ ಹೋಗಬೇಕು. ಅಲ್ಲಿ ತೋಳ್ಬಲವೊಂದೇ ಸಾಲದು. ಉಸಿರು ಹತೋಟಿಯಲ್ಲಿರಬೇಕು, ಭಯವಿರಬಾರದು, ಗರ್ವವಂತೂ ಇರಲೇಬಾರದು. ನಮ್ಮ ಯೋಗಿಗಳು ಆಸನದಲ್ಲಿ ಕುಳಿತು ಸಾಧಿಸಲು ಹವಣಿಸುವ ಚಿತ್ತಸ್ಥೈರ್ಯವನ್ನು ಅವನು ನೂರಡಿ ಆಳದ ಮೇಲೆ ತೂಗಾಡುತ್ತ ಸಾಧಿಸಿರುವನು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ನೀಲಗಿರಿಯ ಸುತ್ತಣ ಜೇನುಕಾರರಲ್ಲಿ, ಬಂಡೆಯಿಂದಿಳಿಯುವವನ ಹಗ್ಗವನ್ನು ಮೇಲೆ ನಿಂತು ಕಾಯತಕ್ಕವನು ಅವನ ಹೆಂಡತಿಯ ಸೋದರನೇ ಆಗಿರಬೇಕೆಂಬ ಕಟ್ಟಳೆಯುಂಟು. ತನ್ನ ತಂಗಿಯು ವಿಧವೆಯಾಗುವುದನ್ನು ಯಾವ ಅಣ್ಣನೂ ಬಯಸನೆಂಬುದೇ ಅದರ ಮರ್ಮ. ಕೆಳಗೆ ತೂಗುವವನ ಧೈರ್ಯವು ಮೇಲೆ ಹಿಡಿದವನ ನಿಷ್ಠೆಯಲ್ಲಿದೆ. ನಾವು ಬಲವನ್ನು ಒಬ್ಬೊಬ್ಬನ ಸೊತ್ತೆಂದು ಭಾವಿಸುವೆವು. ಅವರು ಅದನ್ನು ಇಬ್ಬರ ನಡುವಣ ನಂಬುಗೆಯೆಂದು ತಿಳಿದಿರುವರು. ಗುರುವಿಗೂ ಶಿಷ್ಯನಿಗೂ ಇರಬೇಕಾದ ಸಂಬಂಧಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ನಾನು ಕಾಣೆನು.

ಹಲ್ಲೆಯನ್ನು ಮುಟ್ಟಿದಮೇಲೆ ಅವನು ಅದನ್ನೆಲ್ಲ ಬಾಚಿಕೊಳ್ಳುವನೆ? ಇಲ್ಲ. ಒಂದು ಪಾಲನ್ನು ಹುಳುಗಳಿಗೆಂದು ಬಿಡುವನು. ಗೆಣಸನ್ನು ಅಗೆದಾಗಲೂ ಹಾಗೆಯೆ. ಬಳ್ಳಿಯ ಬುಡದ ಭಾಗವನ್ನು ಮಣ್ಣಿನಲ್ಲಿಯೇ ಉಳಿಸಿ ಮುಚ್ಚಿದರೆ ಮುಂದಣ ಮಳೆಗೆ ಅದು ಮತ್ತೆ ಚಿಗುರುವುದು. ಮರದ ಕಾಯಿಯಲ್ಲಿ ಹಕ್ಕಿಗೊಂದು ಪಾಲು, ಮೃಗಕ್ಕೊಂದು ಪಾಲು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗವು ಇಲ್ಲಿರುವ ಯಾವ ಮಗುವಿಗೆ ತಿಳಿಯದು? ಗಂಡನಾದ ಮಾರಯ್ಯನು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದೆಂದು ಆ ಮಹಾತಾಯಿಯು ಹಿಂದಕ್ಕೆ ಕಳುಹಿಸಿದಳು. ಸಾಕೆಂಬ ಆ ಮಾತನ್ನು ನಾವು ಪುರಾಣಶ್ರವಣದಲ್ಲಿ ಕೇಳಿ ತಲೆದೂಗಿ ಮನೆಗೆ ಹೋಗುವೆವು. ಕಾಡಿನವನು ಅದನ್ನು ಕೇಳಿರಲಿಕ್ಕಿಲ್ಲ. ಆದರೆ ಪ್ರತಿಯೊಂದು ಹಲ್ಲೆಯ ಮುಂದೆಯೂ ಅದನ್ನು ನಡೆದು ತೋರಿಸುವನು.

ಆಹಾರದ ಮಾತೂ ಇದಕ್ಕೆ ಸೇರಿದುದೇ. ರಾಗಿ, ಅವರೆ, ಕುಂಬಳ, ಸಾಸುವೆಗಳನ್ನು ಅವರು ಬೆಟ್ಟದ ಇಳಿಜಾರುಗಳಲ್ಲಿ ಕೂಡಿಸಿ ಬೆಳೆಯುತ್ತಿದ್ದರು. ಕಾಡಿನ ಸೊಪ್ಪುಗಳು, ಗೆಡ್ಡೆಗಳು, ಹಣ್ಣುಗಳು, ಜೇನು ಅದಕ್ಕೆ ಕೂಡುವುವು. ಹೊಸ ರಾಗಿಯು ಬಂದಾಗ ರೊಟ್ಟಿಹಬ್ಬವನ್ನು ಮಾಡಿ, ಮೊದಲು ದೇವರಿಗೆ ಅರ್ಪಿಸಿ, ಬಳಿಕ ಎಲ್ಲರೂ ಕೂಡಿ ಉಣ್ಣುವರು. ಪ್ರಸಾದವೆಂಬ ನಮ್ಮ ಭಾವಕ್ಕೂ ಅದಕ್ಕೂ ದೂರವೆಷ್ಟು? ಅಂದಿನ ಇರುಳು ಗೊರುಗೊರುಕಾನವೆಂಬ ಹಾಡಿನೊಡನೆ ಗಂಡಸರೂ ಹೆಂಗಸರೂ ಮುದುಕರೂ ಮಕ್ಕಳೂ ಸುತ್ತುಗಟ್ಟಿ ಕುಣಿಯುವರು. ದಿನವೆಲ್ಲ ದುಡಿದ ಕಾಲುಗಳು ಇರುಳಲ್ಲಿ ದಣಿಯದೆ ಕುಣಿಯುವುದು ಹೇಗೆಂದು ನಾವು ಬೆರಗಾಗುವೆವು. ಸಂತೋಷದಿಂದ ಆಡುವ ಮೈಗೆ ದಣಿವು ಕಡಮೆಯೆಂಬುದೇ ಅದರ ಉತ್ತರ.

ನಮ್ಮ ಸೀಮೆಗೆ ದೇಹಬಲದ ಸಾಧನೆಯು ಹೊಸದಲ್ಲವೆಂಬುದನ್ನು ನಾನು ಮರೆತಿಲ್ಲ. ಮೈಸೂರಿನ ಗರಡಿಮನೆಗಳ ಕೀರ್ತಿಯನ್ನು ಯಾರು ಅರಿಯರು? ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗವು ಇಂದಿಗೂ ನಡೆದುಬರುತ್ತಿರುವುದು. ಸುತ್ತೂರಿನ ಜಾತ್ರೆಯ ಕುಸ್ತಿಗೆ ಹಳ್ಳಿಹಳ್ಳಿಗಳ ಜನರು ನೆರೆಯುವರು. ಕೆಂಪುಮಣ್ಣಿನ ಮಟ್ಟಿಗೆ ಕೈಮುಗಿದು ಇಳಿಯುವ ಆ ಸಂಪ್ರದಾಯವು ಪೂಜ್ಯವಾದುದು. ಗರಡಿಯು ಶಿಸ್ತನ್ನು ಕಲಿಸುವುದು, ಬ್ರಹ್ಮಚರ್ಯವನ್ನು ಕಲಿಸುವುದು, ಸೋಲನ್ನು ತಾಳುವುದನ್ನೂ ಕಲಿಸುವುದು. ಆದರೆ ಗರಡಿಯಾಳು ಎದುರಾಳಿಯನ್ನು ಗೆಲ್ಲಲು ಬಲವನ್ನು ಕೂಡಿಸುವನು. ಗಿರಿಜನನಿಗೆ ಗೆಲ್ಲಬೇಕಾದ ಎದುರಾಳಿಯಿಲ್ಲ. ಅವನು ಬಲವನ್ನು ಒಗ್ಗಿಕೊಳ್ಳಲು ಬಳಸುವನು. ನಮ್ಮ ದಸರೆಯ ಜಂಬೂಸವಾರಿಯನ್ನೇ ನೋಡಿರಿ. 750 ಕಿಲೋ ತೂಕದ ಅಂಬಾರಿಯನ್ನು ಹೊತ್ತ ಆನೆಯನ್ನು ಲಕ್ಷಾಂತರ ಜನರ ಗದ್ದಲದ ನಡುವೆ ನಡೆಯಿಸುವ ಮಾವುತರಲ್ಲಿಯೂ ಕಾವಾಡಿಗಳಲ್ಲಿಯೂ ಬಹುಮಂದಿ ಜೇನುಕುರುಬರು. ಆನೆಯ ಬಲದ ಮುಂದೆ ಮನುಷ್ಯನ ತೋಳಿನ ಬಲವು ಎಷ್ಟರದು? ಅಲ್ಲಿ ನಡೆಯುವುದು ಚಿಕ್ಕಂದಿನಿಂದ ಕೂಡಿ ಬೆಳೆದ ಸ್ನೇಹ, ಒಂದು ಮಾತು, ಕಿವಿಯ ಹಿಂದೆ ಕಾಲ್ಬೆರಳಿನ ಒಂದು ಒತ್ತು. ನಾವು ಅಂಬಾರಿಗೆ ಕೈಮುಗಿಯುವೆವು. ಆನೆಯ ಕೊರಳ ಮೇಲೆ ಕುಳಿತವನ ಹೆಸರನ್ನು ಕೇಳುವವರು ವಿರಳ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕೇಳುವುದಕ್ಕೆ ಇಂಪಾಗಿರುವುದು. ಆದರೆ ಅದು ಅರ್ಧಸತ್ಯವಾಗುವುದು. ಗಿರಿಜನರೆಲ್ಲರೂ ಉಕ್ಕಿನ ಮೈಯವರು, ರೋಗವನ್ನರಿಯದವರು ಎಂದು ಹೊಗಳುವುದು ಅವರಿಗೆ ಮಾಡುವ ಉಪಕಾರವಲ್ಲ. ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಕುಡುಗೋಲು ಕಣದ ರಕ್ತಹೀನತೆಯೆಂಬ ವ್ಯಾಧಿಯುಂಟು. ರಕ್ತದ ಕೆಂಪುಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಕೀಲುಗಳಲ್ಲಿ ಸಹಿಸಲಾರದ ನೋವನ್ನುಂಟುಮಾಡುವುದು. ತಾಯಿ ತಂದೆಗಳಿಬ್ಬರಿಂದಲೂ ಆ ದೋಷವು ಬಂದ ಮಗುವಿನಲ್ಲಿ ಅದು ಉಗ್ರವಾಗುವುದು. ಈ ವ್ಯಾಧಿಯ ನಿವಾರಣೆಗಾಗಿ 2023ರಲ್ಲಿ ಭಾರತ ಸರ್ಕಾರವು ದೇಶವ್ಯಾಪಿಯಾದ ಕಾರ್ಯವೊಂದನ್ನು ಆರಂಭಿಸಿತು. ಅದಕ್ಕಿಂತ ಬಹಳ ಮುಂಚೆಯೇ, 1981ರಲ್ಲಿ, ಡಾಕ್ಟರ್ ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ವೈದ್ಯಸೇವೆಯೊಡನೆ ಶಾಲೆಯನ್ನೂ ನಡೆಯಿಸುತ್ತ ಬಂದರು. ಸೇವೆಗೆಂದು ಹೋದ ವಿದ್ಯಾವಂತನು ಬೆಟ್ಟದ ಜನರಲ್ಲಿಯೇ ಒಬ್ಬನಾಗಿ ನಿಲ್ಲಬಹುದೆಂಬುದಕ್ಕೆ ಅದು ನಮ್ಮ ಕಣ್ಣೆದುರಿನ ಸಾಕ್ಷಿ.

ರೋಗಕ್ಕಿಂತ ದೊಡ್ಡ ಕಷ್ಟವೊಂದುಂಟು. ಅದು ನೆಲವನ್ನು ಕಳೆದುಕೊಂಡುದು. 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಬಂದಿತು. 1973ರಲ್ಲಿ ಬಂಡೀಪುರವು ಹುಲಿಯೋಜನೆಗೆ ಸೇರಿತು. 1974ರಲ್ಲಿ ಬಿಳಿಗಿರಿಯ ಕಾಡು ವನ್ಯಧಾಮವೆನಿಸಿತು. ಅದೇ ವರ್ಷ ಬೀಚನಹಳ್ಳಿಯ ಬಳಿ ಕಪಿಲೆಗೆ ಕಟ್ಟಿದ ಅಣೆಕಟ್ಟು ಮುಗಿದು, ಕಾಡಿನ ಹಾಡಿಗಳು ನೀರಿನಲ್ಲಿ ಮುಳುಗಿದುವು. ಕಾಡನ್ನು ಕಾಯಬೇಕಾದುದು ನ್ಯಾಯವೇ. ಹುಲಿ ಆನೆಗಳು ಉಳಿಯಬೇಕಾದುದೂ ನ್ಯಾಯವೇ. ಆದರೆ ಕಾಡನ್ನು ತಲೆಮಾರುಗಳಿಂದ ಕಾದುಕೊಂಡು ಬಂದವರನ್ನೇ ಕಾಡಿಗೆ ಕೇಡೆಂದು ಎಣಿಸಿ ಎತ್ತಿ ಹೊರಗಿಟ್ಟುದು ನ್ಯಾಯವೆ? ಅವರ ಇಳಿಜಾರಿನ ಬೇಸಾಯವು ನಿಂತಿತು. ಬೇಸಗೆಗೆ ಮುನ್ನವೇ ಒಣಗಿದ ತರಗಿಗೆ ಸಣ್ಣ ಬೆಂಕಿಯಿಟ್ಟು ನೆಲವನ್ನು ಹಸನಾಗಿಡುತ್ತಿದ್ದ ತರಗುಬೆಂಕಿಯ ವಾಡಿಕೆಯು ನಿಂತಿತು. ಆ ಬೆಂಕಿಯು ನಿಂತಮೇಲೆ ಲಂಟಾನದ ಪೊದೆಯು ಕಾಡನ್ನೆಲ್ಲ ತುಂಬಿತೆಂದೂ, ನೆಲ್ಲಿಮರಗಳಿಗೆ ಬಂದಳಿಕೆಯು ಹತ್ತಿತೆಂದೂ ಸೋಲಿಗ ಹಿರಿಯರು ಹೇಳುತ್ತ ಬಂದರು. ಮೊದಲು ಅದನ್ನು ಅಜ್ಞರ ಮಾತೆಂದು ತಳ್ಳಿದ ಲೋಕವು, ಬಳಿಕ ಕಾಡನ್ನು ಅಳೆದು ನೋಡಿದ ವಿಜ್ಞಾನಿಗಳಿಂದ ಅದರಲ್ಲಿ ತಿರುಳಿದೆಯೆಂದು ಕೇಳಬೇಕಾಯಿತು.

2006ರಲ್ಲಿ ಅರಣ್ಯಹಕ್ಕುಗಳ ಕಾಯಿದೆಯು ಆದುದು ಈ ಅನ್ಯಾಯವನ್ನು ಒಪ್ಪಿಕೊಂಡುದರ ಗುರುತು. ಬಿಳಿಗಿರಿಯ ಕಾಡು 2011ರಲ್ಲಿ ಹುಲಿರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಲ್ಲಿಯ ಸೋಲಿಗರ ಪೋಡುಗಳಿಗೆ ಕಾಡಿನ ಉತ್ಪನ್ನಗಳನ್ನು ಸಂಗ್ರಹಿಸುವ ಸಮುದಾಯಹಕ್ಕಿನ ಪತ್ರಗಳೂ ದೊರೆತುವು. ಹುಲಿಯಿರುವ ಕಾಡಿನೊಳಗೆ ಮನುಷ್ಯನ ಹಕ್ಕನ್ನು ಒಪ್ಪಿದ ಮೊದಲ ನಿದರ್ಶನಗಳಲ್ಲಿ ಇದೊಂದು. ಅದನ್ನು ಸಾಧಿಸಿದುದು ಯಾರ ತೋಳ್ಬಲವೂ ಅಲ್ಲ. ಸಭೆ ಸೇರಿ, ನಕ್ಷೆ ಬರೆದು, ತಮ್ಮ ದೇವರ ನೆಲೆಗಳನ್ನೂ ಜೇನುಮರಗಳನ್ನೂ ಗುರುತಿಸಿ, ವರ್ಷಗಟ್ಟಲೆ ತಾಳ್ಮೆಯಿಂದ ಕೇಳಿದ ಒಗ್ಗಟ್ಟಿನ ಬಲ. ಹಲ್ಲೆಯ ಮುಂದೆ ಉಸಿರು ಬಿಗಿಹಿಡಿದವನಿಗೆ ಕಚೇರಿಯ ಮುಂದೆ ತಾಳ್ಮೆಯಿಂದ ನಿಲ್ಲುವುದು ಸಾಧ್ಯವಾಯಿತು. ಆದರೂ ಕಾಡಂಚಿನ ಹಾಡಿಗಳಿಗೆ ಹೋದರೆ, ನೆಲವಿಲ್ಲದೆ ಕೂಲಿಗೆ ಅಲೆಯುವವರನ್ನೂ, ದುಃಖವನ್ನು ಮರೆಯಲು ಹೆಂಡಕ್ಕೆ ಬಿದ್ದವರನ್ನೂ, ಕಾಡಿನ ಸೊಪ್ಪುಗೆಣಸುಗಳು ತಪ್ಪಿ ಸೊರಗಿದ ಮಕ್ಕಳನ್ನೂ ನೋಡುವೆವು. ನಾಡಿನಲ್ಲಿ ವಿಶೇಷವಾಗಿ ದುರ್ಬಲವೆಂದು ಸರ್ಕಾರವು ಗುರುತಿಸಿರುವ ಎರಡು ಬುಡಕಟ್ಟುಗಳಲ್ಲಿ ಕೊರಗರೊಡನೆ ನಮ್ಮ ಜೇನುಕುರುಬರೂ ಸೇರಿರುವರು. ಬಲಕ್ಕೆ ಹೆಸರಾದವರು ದುರ್ಬಲರ ಪಟ್ಟಿಗೆ ಸೇರಿದುದು ಹೇಗೆ? ಅವರ ಬಲವು ಅವರ ನೆಲದಲ್ಲಿ ಬೇರುಬಿಟ್ಟಿದ್ದಿತು. ಗಿಡವನ್ನು ಕಿತ್ತು ಬೇರೆಡೆಯಲ್ಲಿಟ್ಟು, ಏಕೆ ಬಾಡಿತೆಂದು ಕೇಳಿದರೆ ಏನು ಹೇಳೋಣ?

ಸದ್ಭಕ್ತರೆ, ಈ ಪ್ರಶ್ನೆಯನ್ನು ಕೇಳಿದ ಕೂಡಲೆ ನಮ್ಮ ಕಡೆಗೂ ತಿರುಗಿ ನೋಡಬೇಕಾಗುವುದು. ಏಕೆಂದರೆ ಕಪಿಲೆಯ ಅಣೆಕಟ್ಟಿನ ನೀರು ಹಾಡಿಗಳನ್ನು ಮುಳುಗಿಸಿ ಬಂದುದು ನಮ್ಮ ಗದ್ದೆಗಳಿಗೆ. ನಂಜನಗೂಡಿನಲ್ಲಿಯೂ ನರಸೀಪುರದಲ್ಲಿಯೂ ರಾಗಿ ಜೋಳಗಳ ಹೊಲಗಳು ನಾಲೆಯ ಕೆಳಗಣ ಬತ್ತದ ಗದ್ದೆಗಳೂ ಕಬ್ಬಿನ ತೋಟಗಳೂ ಆದುವು. ತಲಕಾಡಿನ ಮಾಧವಮಂತ್ರಿಯ ಅಣೆಕಟ್ಟಿನ ಕಾಲದಿಂದಲೂ ನೀರಾವರಿಯನ್ನು ಕಂಡ ಸೀಮೆ ನಮ್ಮದು; ಸಮೃದ್ಧಿಯನ್ನು ನಾನು ನಿಂದಿಸಲಾರೆನು. ಹಸಿದ ಹೊಟ್ಟೆಗೆ ಅನ್ನವು ಬಂದುದು ಶಿವನ ಕರುಣೆ. ಆದರೆ ಅನ್ನದೊಡನೆ ಆಲಸ್ಯವೂ ಬಂದಿತು. ರಾಗಿಯ ಮುದ್ದೆಯು ಬಡವರ ಊಟವೆನಿಸಿಕೊಂಡಿತು. ಹೊಲದ ಬದುವಿನ ಬೆರಕೆಸೊಪ್ಪನ್ನು ಗುರುತಿಸಬಲ್ಲ ಮಕ್ಕಳು ಈಗ ವಿರಳ. ಉಳುವುದು ಯಂತ್ರ, ಬೀಸುವುದು ಯಂತ್ರ, ನೀರು ಸೇದುವುದು ಯಂತ್ರ, ನಡೆಯಬೇಕಾದ ಕಡೆಗೆ ವಾಹನ. ಮಧುಮೇಹ, ರಕ್ತದೊತ್ತಡ, ಕೀಲುನೋವು ಎಂಬುವು ಹಿಂದೆ ಪಟ್ಟಣದ ಸಿರಿವಂತರ ರೋಗಗಳಾಗಿದ್ದುವು. ಇಂದು ಹಳ್ಳಿಯ ಪ್ರತಿಯೊಂದು ಬೀದಿಯಲ್ಲಿಯೂ ಇರುವುವು. ಕಾಡಿನವನು ನೆಲವನ್ನು ಕಳೆದುಕೊಂಡು ಬಲವನ್ನು ಕಳೆದುಕೊಂಡನು. ನಾವು ನೆಲವಿದ್ದೂ, ನೀರಿದ್ದೂ, ಬಲವನ್ನು ಕಳೆದುಕೊಳ್ಳುತ್ತಿರುವೆವು. ಇಬ್ಬರಲ್ಲಿ ಯಾರ ಸ್ಥಿತಿಯು ಹೆಚ್ಚು ಶೋಚನೀಯವಾದುದು?

ಹಾಗಾದರೆ ನಾವು ಮಾಡತಕ್ಕುದೇನು? ನಾವೆಲ್ಲರೂ ಕಾಡಿಗೆ ಹೋಗಿ ಬಿದಿರ ಗುಡಿಸಲು ಕಟ್ಟಬೇಕೆಂದು ಯಾರೂ ಹೇಳುವುದಿಲ್ಲ. ಅನುಕರಣವು ಬೇರೆ, ಸ್ಫೂರ್ತಿಯು ಬೇರೆ. ನಮ್ಮ ಮನೆಯಂಗಳದಲ್ಲಿಯೇ ಸಾಧ್ಯವಾದ ನಾಲ್ಕು ಮಾತುಗಳನ್ನು ತಮ್ಮಲ್ಲಿ ವಿಜ್ಞಾಪಿಸುವೆನು.

ಮೊದಲನೆಯದು ನಡಿಗೆ. ಶಿವರಾತ್ರಿಗೆ, ಯುಗಾದಿಗೆ, ದೀಪಾವಳಿಗೆ ನಮ್ಮ ಹಿರಿಯರು ಮಲೆಯ ಮಹದೇಶ್ವರನ ಸನ್ನಿಧಿಗೆ ನಡೆದೇ ಹೋಗುತ್ತಿದ್ದರು. ಇಂದಿಗೂ ನಡೆಯುವ ಭಕ್ತರು ಸಹಸ್ರಸಂಖ್ಯೆಯಲ್ಲಿರುವರು. ಅವರನ್ನು ನೋಡಿ ಬೆರಗಾಗುವುದನ್ನು ಬಿಟ್ಟು ಅವರೊಡನೆ ಹೆಜ್ಜೆ ಹಾಕೋಣ. ವರ್ಷಕ್ಕೊಮ್ಮೆ ಮಲೆಗೆ ನಡೆಯಲಾರದವನು ವಾರಕ್ಕೊಮ್ಮೆ ಮಠಕ್ಕಾದರೂ ನಡೆದು ಬರಲಿ.

ಎರಡನೆಯದು ಊಟ. ಮಠದ ದಾಸೋಹದಲ್ಲಿಯೂ ಮನೆಯ ಅಡುಗೆಯಲ್ಲಿಯೂ ರಾಗಿಗೆ, ಸೊಪ್ಪಿಗೆ, ಅವರೆಗೆ ಮತ್ತೆ ಗೌರವದ ಸ್ಥಾನವು ದೊರೆಯಲಿ. ಮಹದೇಶ್ವರನು ತನ್ನ ಕೈಯಿಂದ ಬೀಸಿದನೆಂದು ಹಾಡುವ ರಾಗಿಯು ಬಡವರ ಊಟವಾಗುವುದೆಂತು?

ಮೂರನೆಯದು ಮಕ್ಕಳ ಮೈದುಡಿತ. ವಿದ್ಯಾರ್ಥಿಯು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಸಾಲದು. ಗುದ್ದಲಿಯನ್ನು ಹಿಡಿಯಬಲ್ಲವನೂ, ಹೊಳೆಯನ್ನು ಈಜಬಲ್ಲವನೂ, ಮರವನ್ನು ಹತ್ತಬಲ್ಲವನೂ ಆಗಬೇಕು. ಹೆಣ್ಣುಮಕ್ಕಳಿಗೂ ಇದು ಸಲ್ಲತಕ್ಕುದು. ಬೆಟ್ಟದ ತಾಯಂದಿರು ಹೊರೆ ಹೊತ್ತು ಏರುವುದನ್ನು ಕಂಡವರು ಬಲವನ್ನು ಗಂಡಿನ ಗುಣವೆಂದು ಹೇಳಲಾರರು.

ನಾಲ್ಕನೆಯದು ಮತ್ತು ಮುಖ್ಯವಾದುದು ಋಣ. ಕಲಿತವನು ಕಲಿಸಿದವನಿಗೆ ಋಣಿ. ಗಿರಿಜನರಿಂದ ಸ್ಫೂರ್ತಿಯನ್ನು ಪಡೆದೆವೆಂದು ಹೇಳಿ, ಅವರ ಮಕ್ಕಳು ಹಸಿದಿರುವಾಗ ಸುಮ್ಮನಿದ್ದರೆ ಅದು ಗುರುದ್ರೋಹಕ್ಕೆ ಸಮನಾಗುವುದು. ಹಾಡಿಯ ಹುಡುಗನೊಬ್ಬನು ನಮ್ಮ ಊರಿನ ಶಾಲೆಗೆ ಬಂದಾಗ ಅವನ ನುಡಿಯನ್ನು ಹಾಸ್ಯಮಾಡದೆ, ಅವನಿಂದ ಒಂದು ಗಿಡದ ಹೆಸರನ್ನಾದರೂ ಕೇಳಿ ಕಲಿಯುವಂತೆ ನಮ್ಮ ಮಕ್ಕಳಿಗೆ ಹೇಳೋಣ. ಅವನು ಕೂಲಿಗೆ ಬಂದಾಗ ನ್ಯಾಯವಾದ ಕೂಲಿಯನ್ನು ಕೊಡೋಣ. ಅವನು ಜೇನನ್ನು ಮಾರಲು ತಂದಾಗ ಅದರ ಹಿಂದಿರುವ ಇರುಳನ್ನೂ ಎತ್ತರವನ್ನೂ ನೆನೆದು ಬೆಲೆಯಾಡೋಣ. ಅವನ ನೆಲದ ಹಕ್ಕಿನ ಮಾತು ಬಂದಾಗ, ಅದು ನಮಗೆ ಸಂಬಂಧಿಸಿದುದಲ್ಲವೆಂದು ಮುಖ ತಿರುಗಿಸದಿರೋಣ. ದಾಸೋಹವೆಂದರೆ ಪಂಕ್ತಿಯಲ್ಲಿ ಕುಳಿತವರಿಗೆ ಬಡಿಸುವುದಷ್ಟೇ ಅಲ್ಲ. ಪಂಕ್ತಿಯವರೆಗೆ ಬರಲಾರದವರನ್ನು ಕರೆತರುವುದೂ ಅದರಲ್ಲಿ ಸೇರಿರುವುದು.

ತಿರುಮಕೂಡಲಿನಲ್ಲಿ ಎರಡು ನದಿಗಳು ಕಣ್ಣಿಗೆ ಕಾಣುವುವು. ಮೂರನೆಯದಾದ ಸ್ಫಟಿಕ ಸರೋವರವು ಕಣ್ಣಿಗೆ ಕಾಣದೆ ಒಳಗೆ ಕೂಡುವುದೆಂದು ಹಿರಿಯರ ನಂಬುಗೆ. ನಮ್ಮ ಈ ಸೀಮೆಯ ಬಾಳಿನಲ್ಲಿಯೂ ಹಾಗೆಯೆ, ಬಯಲಿನವರ ಬೇಸಾಯವು ಕಾಣುವುದು, ಪಟ್ಟಣದವರ ವ್ಯಾಪಾರವು ಕಾಣುವುದು. ಕಾಡಿನವರ ಬಲ್ಮೆಯು ಕಾಣದೆ ಒಳಗೆ ಕೂಡಿರುವುದು. ಕಾಣದ ಆ ನೀರನ್ನು ಕೂಡಿಸಿ ಎಣಿಸಿದಾಗಲೇ ಸಂಗಮವು ಪೂರ್ಣವಾಗುವುದು.

 ದುಡಿಯುವ ಕಾಯವನ್ನೂ, ಸಾಕೆನ್ನುವ ಮನಸ್ಸನ್ನೂ, ಹಂಚಿ ಉಣ್ಣುವ ಕೈಯನ್ನೂ ಶ್ರೀ ನಂಜುಂಡೇಶ್ವರನೂ ಮಲೆಯ ಮಹದೇಶ್ವರನೂ ನಮಗೂ, ನಮ್ಮ ಬೆಟ್ಟದ ಬಂಧುಗಳಿಗೂ ಕರುಣಿಸಲೆಂದು ಪ್ರಾರ್ಥಿಸಿ, ಶ್ರೀಗುರುಸನ್ನಿಧಿಯ ಅಪ್ಪಣೆಯನ್ನು ಪಡೆದು ವಿರಮಿಸುವೆನು.